ಕೆಂಪು ದಾರದ ಹನ್ನೆರಡನೆಯ ಹೆಂಗಸು

"ಯಾರೂ ಕತ್ತರಿ ಎತ್ತಬೇಡಿ!"

ದನಿ ಬಂದದ್ದು ಬಟ್ಟೆಯ ಕೆಳಗಿನಿಂದ. ನಮ್ಮ ಅತ್ತಿಗೆ ನೆಲದ ಮೇಲೆ ಅಂಗಾತ ಮಲಗಿದ್ದರು. ಕೈಯಲ್ಲಿ ನನ್ನ ಟಾರ್ಚು, ಮೂಗಿನ ಮೇಲೆ ನನ್ನ ಕನ್ನಡಕ. ಹೊರಗೆ ಕಾಣುತ್ತಿದ್ದುದು ಎರಡು ಪಾದ ಮಾತ್ರ. ಅದರಲ್ಲಿ ಒಂದಕ್ಕೆ ಚಪ್ಪಲಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

ಅವರ ಮೇಲೆ, ಮಂಚಕ್ಕೆ ಬಿಗಿದ ನವಾರದಂತೆ, ಮೂವತ್ತಾರು ಅಡಿ ಉದ್ದದ ಕಸೂತಿ ಬಟ್ಟೆ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹರಡಿತ್ತು. ಬೆಳಿಗ್ಗೆ ಸುರುಳಿ ಬಿಚ್ಚಿದಾಗ ಯಾರೂ ಬರೆಯದ, ಯಾರೂ ಹೊಲಿದೆನೆಂದು ಒಪ್ಪದ ಹನ್ನೆರಡು ಕೆಂಪು ಹೆಂಗಸರು ಅದರಲ್ಲಿ ಸಿಕ್ಕಿದ್ದರು. ಇಷ್ಟೇ ಹಿಂದಿನ ಕಥೆ.

"ಮೂರೂಕಾಲು ಆಯ್ತು," ಅಂದಳು ಕತ್ತರಿಯಕ್ಕ. "ಹನ್ನೆರಡನ್ನೂ ಬಿಚ್ಚಬೇಕು, ಆಮೇಲೆ ಲೈನಿಂಗ್ ಹಾಕಬೇಕು. ನಾಳೆ ಸಂಜೆ ಇದು ನಾಟಕದ ಹಾಲ್‌ನಲ್ಲಿ ಗೋಡೆ ಮೇಲಿರಬೇಕು. ನಿಮ್ಮತ್ತಿಗೆ ಕೆಳಗೆ ನಿದ್ದೆ ಹೊಡೀತಿದ್ದಾರಾ ಹೇಗೆ?"

ಕತ್ತರಿಯಕ್ಕ ಈ ಹೊಲಿಗೆಮನೆಯ ಹಿರಿಯ ಕೈ. ಕೊರಳಿಗೆ ದಾರ ಕಟ್ಟಿ ಕತ್ತರಿ ನೇತುಹಾಕಿಕೊಂಡಿರುವುದರಿಂದ ಆ ಹೆಸರು. ನಾಲಿಗೆ ನೋಡಿ ಇಟ್ಟ ಹೆಸರು ಅನ್ನುವವರೂ ಇದ್ದಾರೆ. ನಾನಂತೂ ಅಂದಿಲ್ಲ.

ಅವಳ ಎದುರು, ಕಿಟಕಿಗೆ ಬೆನ್ನು ತಾಗಿಸಿ ನಿಂತಿದ್ದಳು ಹೊಸಬಳು. ಸೇರಿ ಆರು ವಾರವಾಗಿತ್ತು, ಇನ್ನೂ ಕೆಲಸ ಕಾಯಂ ಆಗಿರಲಿಲ್ಲ. ಇಡೀ ಹೊಲಿಗೆಮನೆಯಲ್ಲಿ ಎಡಗೈಯಲ್ಲಿ ಸೂಜಿ ಹಿಡಿಯುವವಳು ಅವಳೊಬ್ಬಳೇ. ಕೆಂಪು ಹೆಂಗಸರನ್ನು ಹೊಲಿದಿದ್ದೂ ಎಡಗೈ. ಬೆಳಿಗ್ಗೆ ಅತ್ತಿಗೆ ಅದನ್ನು ಬಾಯಿತಪ್ಪಿ ಹೇಳಿಬಿಟ್ಟಿದ್ದರು. ಅಷ್ಟೇ ಸಾಕಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಕತ್ತರಿಯಕ್ಕ. ಮೂರೂವರೆ ಒಳಗೆ ಹುಡುಗಿ ಚೀಲ ತಗೊಂಡು ಹೊರಡಬೇಕೆಂದು ತೀರ್ಪು ಕೊಟ್ಟಾಗಿತ್ತು.

ಹುಡುಗಿಯ ಚೀಲ ಬಾಗಿಲ ಹತ್ತಿರ ಸಿದ್ಧವಾಗಿತ್ತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ನಾನು ಮರದವನು. ಚಿತ್ರಗಳಿಗೆ ಕಟ್ಟು ಹಾಕುವುದು ನನ್ನ ಕೆಲಸ. ಈ ಬಟ್ಟೆಯ ಎರಡು ತುದಿಗೆ ಹಲಗೆ ಬಡಿದು ಗೋಡೆಗೆ ಏರಿಸಲು ನನ್ನನ್ನು ಕರೆದಿದ್ದರು. ಬೆಳಿಗ್ಗೆ ಗಲಾಟೆ ಶುರುವಾದಾಗ ಅತ್ತಿಗೆಯನ್ನು ಕರೆತಂದವನೂ ನಾನೇ. ಅವರು ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಬೇರೆಯವರ ಸಹಿ ನೋಡಿ, ಇದು ಅಸಲಿ ಇದು ನಕಲಿ ಎಂದು ಹೇಳಿದವರು. ಗೆರೆ ಪೆನ್ನಿನದಾದರೇನು, ದಾರದ್ದಾದರೇನು?

ಚಪ್ಪಲಿ ಇದ್ದ ಕಾಲು ಅಲ್ಲಾಡಿತು. "ಮೈದುನರಾಯ, ಕೈ ಕೊಡಪ್ಪಾ."

ಎಳೆದು ಎತ್ತಿದೆ. ತಲೆಯ ತುಂಬ ದಾರದ ಚೂರು, ಮುಖದ ತುಂಬ ನಗು. ಆ ನಗು ನನಗೆ ಗೊತ್ತು. ಮನೆಯಲ್ಲಿ ಇಸ್ಪೀಟಿನಲ್ಲಿ ನನ್ನನ್ನು ಸೋಲಿಸುವ ಮುಂಚೆ ಬರುವ ನಗು ಅದು.

"ಕತ್ತರಿಯಕ್ಕ, ಬನ್ನಿ ಇಲ್ಲಿ. ಈ ಆರನೇ ಹೆಂಗಸನ್ನ ನೋಡಿ."

ಎಲ್ಲರೂ ಬಗ್ಗಿದರು. ಬಟ್ಟೆಯ ಕಥೆ ಸರಳ. ಒಂದು ಬೀದಿ, ಒಂದು ದಿನ. ಎಡತುದಿಯಲ್ಲಿ ಬೆಳಗಾಗುತ್ತದೆ, ಬಲತುದಿಯಲ್ಲಿ ದೀಪ ಹಚ್ಚುತ್ತಾರೆ. ನಡುವೆ ಅಂಚೆಯವನು, ಕ್ಷೌರದ ಕುರ್ಚಿ, ಶಾಲೆಗೆ ಓಡುವ ಮಕ್ಕಳು, ಜಗಳವಾಡುವ ನೆರೆಹೊರೆ. ಒಬ್ಬೊಬ್ಬರೂ ಬಣ್ಣ ತುಂಬಿಕೊಂಡು ಮೆರೆಯುತ್ತಿದ್ದರು. ಕೆಂಪು ಹೆಂಗಸಿಗೆ ಮಾತ್ರ ಬಣ್ಣವಿಲ್ಲ. ಗೇಣುದ್ದದ ಆಕೃತಿ, ಒಂದೇ ಗೆರೆ, ಕೈಯಲ್ಲಿ ಪೆಟ್ಟಿಗೆ. ಮೊದಲು ಒಂದು ಬಾಗಿಲಿಂದ ಹೊರಬರುತ್ತಾಳೆ, ಆಮೇಲೆ ನಲ್ಲಿಯ ಹತ್ತಿರ, ಆಮೇಲೆ ಸೇತುವೆ ಮೇಲೆ. ಹನ್ನೊಂದನೆಯ ಜಾಗದಲ್ಲಿ ನದಿ ದಾಟುವ ದೋಣಿ ಹತ್ತುತ್ತಾಳೆ. ಬರೀ ಭುಜದ ಗೆರೆ ನೋಡಿದರೆ ಸಾಕು, ಸಿಟ್ಟಿನಲ್ಲಿ ಹೊರಟಿದ್ದಾಳೆ ಅಂತ ಗೊತ್ತಾಗುತ್ತದೆ.

"ಈ ಬಟ್ಟೆ ಎರಡು ತುಂಡು ಸೇರಿಸಿ ಮಾಡಿದ್ದು ಅಲ್ವಾ? ಸೇರಿಸಿದ್ದು ಯಾರು?" ಅತ್ತಿಗೆ ಕೇಳಿದರು.

"ನಾನು. ನಾಲ್ಕು ತಿಂಗಳಾಯ್ತು. ನನ್ನ ಬೂದು ದಾರದ ಜೋಡಣೆ ಯಾರ ಕಣ್ಣಿಗೂ ಬೀಳಲ್ಲ," ಅಂದಳು ಕತ್ತರಿಯಕ್ಕ ಹೆಮ್ಮೆಯಿಂದ.

"ನನ್ನ ಕಣ್ಣಿಗೆ ಬಿತ್ತಲ್ಲ. ನೋಡಿ, ಆರನೇ ಹೆಂಗಸಿನ ಪೆಟ್ಟಿಗೆಯ ಮೂಲೆ ಜೋಡಣೆ ಮೇಲೇ ಬಂದಿದೆ. ಕೆಂಪು ದಾರದ ಮೇಲೆ ಬೂದು ದಾರ ಹೋಗಿದೆಯೋ, ಬೂದು ದಾರದ ಮೇಲೆ ಕೆಂಪು ದಾರವೋ?"

ಕತ್ತರಿಯಕ್ಕ ಬಗ್ಗಿದವಳು ಏಳಲೇ ಇಲ್ಲ.

"ಹೇಳಿ ಅಕ್ಕಾ, ಯಾವುದು ಮೇಲಿದೆ?"

"...ಬೂದು."

"ಅಂದ್ರೆ ನೀವು ಜೋಡಿಸೋ ಹೊತ್ತಿಗೆ ಕೆಂಪು ಹೆಂಗಸು ಅಲ್ಲೇ ನಿಂತಿದ್ದಳು. ನಾಲ್ಕು ತಿಂಗಳ ಹಿಂದೆ. ನೀವು ಹಿಂದಿನಿಂದ ಹೊಲಿದ್ರಿ, ಮುಂದೆ ನೋಡಲಿಲ್ಲ. ಈ ಹುಡುಗಿ ಬಂದು ಎಷ್ಟಾಯ್ತು?"

"ಆರು ವಾರ," ಅಂದಳು ಹೊಸಬಳು. ಬೆಳಿಗ್ಗೆಯಿಂದ ಅವಳ ಬಾಯಿಂದ ಬಂದ ಮೊದಲ ಮಾತು ಅದು.

ಮೂಲೆಯಲ್ಲಿ ಕೂತಿದ್ದ ಸೂಜಿ-ದಾರ ಜೋಡಿ ಕಿಸಕ್ಕೆಂದಿತು. ಅವರು ಓರಗಿತ್ತಿಯರು. ಒಬ್ಬರನ್ನು ಬಿಟ್ಟು ಒಬ್ಬರು ನೀರು ಕುಡಿಯಲೂ ಹೋಗುವುದಿಲ್ಲ, ಅದಕ್ಕೇ ಆ ಹೆಸರು. ಕತ್ತರಿಯಕ್ಕ ಅವರ ಕಡೆ ಒಂದು ನೋಟ ಬಿಟ್ಟಳು. ಕಿಸಕ್ಕು ಕೆಮ್ಮಾಗಿ ಬದಲಾಯಿತು.

"ಸರಿ, ಇವಳಲ್ಲ," ಅಂದಳು ಕತ್ತರಿಯಕ್ಕ. ಅವಳಿಗೂ ನ್ಯಾಯ ಗೊತ್ತು, ಒಪ್ಪಲು ಸ್ವಲ್ಪ ಹೊತ್ತು ಬೇಕು ಅಷ್ಟೇ. "ಹಾಗಾದ್ರೆ ಎಡಗೈ ಯಾರದು? ನಾವೆಲ್ಲ ಬಲಗೈಯವರು."

"ಅದನ್ನೇ ಹೇಳ್ತಿದ್ದೀನಿ. ಇದು ಹುಟ್ಟಿನ ಎಡಗೈ ಅಲ್ಲ, ಕಲಿತ ಎಡಗೈ." ಅತ್ತಿಗೆ ಬಟ್ಟೆಯ ಉದ್ದಕ್ಕೂ ನಡೆದರು, ನಾವು ಹಿಂದೆ ಹಿಂದೆ. "ಹಗ್ಗ ಹೊಸೆದ ಹಾಗೆ ಹೋಗೋ ಈ ಗೆರೆ ಹೊಲಿಗೆ ಎಡಗೈಯಲ್ಲಾದರೆ ಒಂದು ಕಡೆ ವಾಲುತ್ತೆ, ಬಲಗೈಯಲ್ಲಾದರೆ ಇನ್ನೊಂದು ಕಡೆ. ಹನ್ನೆರಡೂ ಎಡಗೈದೇ. ಆದರೆ ಮೊದಲನೇದನ್ನ ನೋಡಿ. ಮಗು ಸ್ಲೇಟಿನ ಮೇಲೆ ಅಕ್ಷರ ತಿದ್ದಿದ ಹಾಗಿದೆ. ಮೂರನೇದರಲ್ಲಿ ಮೊಣಕಾಲು ನಡುಗಿದೆ. ಐದರಲ್ಲಿ ಬೆನ್ನು ನೆಟ್ಟಗಾಯ್ತು. ಎಂಟಕ್ಕೆ ಧೈರ್ಯ ಬಂತು. ಹನ್ನೊಂದು, ಹನ್ನೆರಡು ನೋಡಿ, ಕೈ ಓಡಿದೆ. ಯಾರೋ ಈ ಬಟ್ಟೆ ಶುರುವಾದ ಏಳು ತಿಂಗಳಲ್ಲಿ ಹೊಸದಾಗಿ ಸಹಿ ಹಾಕೋದು ಕಲಿತಿದ್ದಾರೆ."

ಅತ್ತಿಗೆ ನಮ್ಮ ಕಡೆ ತಿರುಗಿದರು.

"ಎಲ್ಲರೂ ಕೈ ಚಾಚಿ. ಅಂಗೈ ಮೇಲೆ."

ಶಾಲೆಯಲ್ಲಿ ಉಗುರು ನೋಡುವ ಮೇಷ್ಟರ ಮುಂದೆ ನಿಂತಂತೆ ಒಬ್ಬರನ್ನು ಬಿಟ್ಟು ಎಲ್ಲರೂ ಕೈ ಚಾಚಿದರು. ನಾನೂ ಚಾಚಿದೆ. "ನಿನ್ನ ಕೈಯಲ್ಲಿ ಅಂಟು ಬಿಟ್ಟರೆ ಏನಿರುತ್ತೆ, ಇಳಿಸು," ಅಂದರು ಅತ್ತಿಗೆ.

ಬಿಗಿದ ಬಟ್ಟೆಯ ಮೇಲೆ ಹೊಲಿಯುವಾಗ ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಕೆಳಗಿನ ಕೈಗೆ ಕಣ್ಣಿಲ್ಲ, ಹಾಗಾಗಿ ಸೂಜಿ ಚುಚ್ಚುವುದು ಅದಕ್ಕೇ. ಕತ್ತರಿಯಕ್ಕನಿಗೂ ಸೂಜಿ-ದಾರ ಜೋಡಿಗೂ ಎಡಗೈ ಬೆರಳ ತುದಿಯಲ್ಲಿ ಚುಕ್ಕೆಗಳು. ಹೊಸಬಳಿಗೆ ಬಲಗೈಯಲ್ಲಿ. ಇದನ್ನೆಲ್ಲ ಅತ್ತಿಗೆ ಹೇಳಿದ ಮೇಲೆ ನನಗೆ ತಿಳಿದದ್ದು.

"ದೊಡ್ಡಮ್ಮ, ನಿಮ್ಮ ಕೈ?"

ಎಡತುದಿಯ ಕುರ್ಚಿಯ ಹತ್ತಿರ ಇದ್ದ ದೊಡ್ಡಮ್ಮ ಈ ಹೊಲಿಗೆಮನೆಯ ಒಡತಿ. ಎಲ್ಲರಿಗೂ ಸೂಜಿ ಹಿಡಿಸಿದವರು ಅವರೇ, ಎಲ್ಲರಿಗೂ ಅವರು ದೊಡ್ಡಮ್ಮನೇ. ಒಂದು ವರ್ಷದಿಂದ ಅವರ ಬಲಗೈ ನಡುಗುತ್ತದೆ. ಇನ್ನು ಹೊಲಿಯುವುದಿಲ್ಲ ಎಂದು ಸೂಜಿ ಕೆಳಗಿಟ್ಟಿದ್ದರು. ಚಿತ್ರ ಬರೆಸುವುದು, ಮುಗಿದ ಭಾಗವನ್ನು ಸುರುಳಿ ಸುತ್ತುವುದು, ಇಷ್ಟೇ ಅವರ ಕೆಲಸ. ನಾಳೆ ಬಟ್ಟೆ ಗೋಡೆಗೇರಿದ ಮೇಲೆ ತಮ್ಮ ಬೆರಳಿಗೆ ತೊಡುವ ಹಿತ್ತಾಳೆ ಟೋಪಿಯನ್ನು ಕತ್ತರಿಯಕ್ಕನಿಗೆ ಕೊಟ್ಟು ಹೊಲಿಗೆಮನೆಯನ್ನು ಒಪ್ಪಿಸುವುದೆಂದು ಮಾತಾಗಿತ್ತು.

ಆ ದೊಡ್ಡಮ್ಮ ಈಗ ಬಲಗೈಯನ್ನು ಶಾಲಿನೊಳಗೆ ಸೇರಿಸಿಕೊಂಡರು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ," ಅಂದರು ಅತ್ತಿಗೆ ಮೆತ್ತಗೆ. "ತೋರಿಸಿ ದೊಡ್ಡಮ್ಮ. ವರ್ಷದಿಂದ ಸೂಜಿ ಮುಟ್ಟದವರ ಬಲಗೈ ಬೆರಳಿಗೆ ಹೊಸ ಗಾಯ ಎಲ್ಲಿಂದ ಬಂತು?"

ದೊಡ್ಡಮ್ಮ ಕೈ ಹೊರಗೆ ತೆಗೆದರು. ನಾಲ್ಕು ಬೆರಳಿಗೂ ಚುಕ್ಕೆ. ಒಂದಕ್ಕೆ ಪಟ್ಟಿ ಬೇರೆ.

ಮೊದಲು ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡೆ. ಅಳುವಲ್ಲ, ನಗು! ಕುರ್ಚಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಸಿಕ್ಕಿಬಿದ್ದೆ! ಏಳು ತಿಂಗಳು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡಿದೆ, ಇವತ್ತು ಸಿಕ್ಕಿಬಿದ್ದೆ. ನಾನು ಎಡಗೈಯಲ್ಲಿ ಹೊಲೀತೀನಿ ಕಣ್ರೇ! ಅರವತ್ತೆಂಟು ವರ್ಷಕ್ಕೆ ಕಲಿತೆ! ಹುಡುಗಿ ಬಾಗಿಲು ದಾಟೋ ಮುಂಚೆ ನಾನೇ ಬಾಯಿ ಬಿಡ್ತಿದ್ದೆ."

ಸೂಜಿ-ದಾರ ಜೋಡಿ ಓಡಿ ಬಂದು ಅವರನ್ನು ತಬ್ಬಿಕೊಂಡಿತು. ಕತ್ತರಿಯಕ್ಕ ಇದ್ದಲ್ಲೇ ನಿಂತಿದ್ದಳು.

"ಹಾಗಾದ್ರೆ ನಾಳೆ ಟೋಪಿ...?" ಅಂದಳು ಸಣ್ಣ ದನಿಯಲ್ಲಿ.

"ಅದು ಬಲಗೈದು. ನಿನಗೇ. ನನ್ನ ಎಡಬೆರಳು ಸಣಕಲು, ಅದಕ್ಕೆ ಹೊಸದು ಹುಡುಕಬೇಕು. ಒಪ್ಪಿಸಿದ ಮನೇಲಿ ಒಂದು ಮೂಲೆ ಕೊಡ್ತೀಯಾ ಇಲ್ವಾ?"

ಕತ್ತರಿಯಕ್ಕ ಮೂಗು ಒರೆಸಿಕೊಂಡಳು. ಆಮೇಲೆ ಸೀದಾ ಬಾಗಿಲ ಹತ್ತಿರ ಹೋಗಿ, ಹೊಸಬಳ ಚೀಲ ಎತ್ತಿ ತಂದು ಕಪಾಟಿನೊಳಗಿಟ್ಟು ಬಾಗಿಲು ಹಾಕಿದಳು. "ಬಾಯಿ ಜಾಸ್ತಿಯಾಯ್ತು ನಂದು. ನಾಳೆಯಿಂದ ನೀನು ಕಾಯಂ. ಮನಸ್ಸಲ್ಲಿ ಇಟ್ಕೋಬೇಡ," ಅಂದಳು. ಹುಡುಗಿ ತಲೆಯಾಡಿಸಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ನನ್ನ ಟಾರ್ಚು ವಾಪಸು ಕೇಳುವುದನ್ನೂ ಮರೆತೆ.

"ಆದರೆ ಕದ್ದು ಯಾಕೆ ದೊಡ್ಡಮ್ಮ?" ಅತ್ತಿಗೆ ಕೇಳಿದರು. "ಈ ಹೆಂಗಸು ಯಾರು?"

ದೊಡ್ಡಮ್ಮ ಕುರ್ಚಿಯಲ್ಲಿ ಕೂತರು. ನಗು ಇನ್ನೂ ಮುಖದ ಮೇಲಿತ್ತು. ಅದರ ಹಿಂದೆ ಬೇರೇನೋ ಬಂತು.

"ನಮ್ಮಕ್ಕ. ಈ ಹೊಲಿಗೆಮನೆ ಶುರು ಮಾಡಿದ್ದು ನಾವಿಬ್ಬರು. ಅವಳು ಹುಟ್ಟಿನಿಂದ ಎಡಗೈ. ನನ್ನ ಬಲಗೈ ಕೈಕೊಟ್ಟಾಗ, ಅವಳು ಸೂಜಿ ಹೇಗೆ ಹಿಡೀತಿದ್ದಳು ಅಂತ ಕಣ್ಣು ಮುಚ್ಚಿ ನೆನಪು ಮಾಡ್ಕೊಂಡೇ ನಾನು ಕಲಿತಿದ್ದು. ಕಲಿಯೋ ನೆಪಕ್ಕೆ ಅವಳನ್ನೇ ಹೊಲಿದೆ. ಸಂಜೆ ನೀವೆಲ್ಲ ಹೋದ ಮೇಲೆ ಒಂದಿಷ್ಟು, ಆಮೇಲೆ ಸುರುಳಿ ಸುತ್ತಿಬಿಡೋದು. ಯಾರೂ ನೋಡ್ತಿರಲಿಲ್ಲ."

"ಇಷ್ಟು ಸಿಟ್ಟಲ್ಲಿ ಹೊರಟಿದ್ದಾರಲ್ಲ, ಜಗಳ ಯಾಕಾಯ್ತು?"

"ಕಾಲಿಗೆ."

"ಕಾಲಿಗಾ?"

"ಇಲ್ಲಿ ಎಲ್ಲರಿಗೂ ನಾನು ಏನು ಕಲಿಸಿದ್ದೀನಿ? ಮನುಷ್ಯರನ್ನ ಹೊಲಿಯುವಾಗ ಮೊದಲು ಕಾಲು. ಎಲ್ಲಿ ನಿಂತಿದ್ದಾರೆ ಅಂತ ಗೊತ್ತಾಗದೆ ಕಥೆ ಶುರು ಆಗಲ್ಲ. ನಮ್ಮಕ್ಕ ಉಲ್ಟಾ. ಮೊದಲು ಕಣ್ಣು ಅಂತಿದ್ದಳು. ಎಲ್ಲಿ ನೋಡ್ತಿದ್ದಾರೆ ಅಂತ ಗೊತ್ತಾದ್ರೆ ಕಾಲು ತಾನಾಗಿ ಅಲ್ಲಿಗೆ ಬರುತ್ತೆ ಅಂತ. ಒಂದು ದೊಡ್ಡ ಬಟ್ಟೇಲಿ ಮಾತಿಗೆ ಮಾತು ಬೆಳೀತು. ಅವಳ ಹೊಲಿಗೆಯನ್ನ ನಾನು ಬಿಚ್ಚಿದೆ. ಅವಳು ಪೆಟ್ಟಿಗೆ ತಗೊಂಡು ದೋಣಿ ಹತ್ತಿದಳು. ಮೂವತ್ತೊಂದು ವರ್ಷ ಆಯ್ತು. ವಿಳಾಸ ಇಲ್ಲ, ಕಾಗದ ಇಲ್ಲ."

ಕತ್ತರಿಯಕ್ಕ ಕೊರಳ ಕತ್ತರಿಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡಳು. ಹನ್ನೆರಡನ್ನೂ ಬಿಚ್ಚಲು ಹೊರಟವಳು ಅವಳೇ ತಾನೆ.

"ಅದಕ್ಕೇ ದೋಣಿ ಹತ್ತೋ ತನಕ ಇವಳಿಗೆ ಮುಖ ಇಲ್ಲ," ಅಂದಳು ಹೊಸಬಳು. "ಎಲ್ಲ ಕಡೆ ಬೆನ್ನು."

"ಹೋಗುವಾಗ ನಾನು ನೋಡಿದ್ದು ಬೆನ್ನು ಮಾತ್ರ ಮಗಾ. ಕಂಡದ್ದನ್ನ ಹೊಲಿದೆ. ಹನ್ನೊಂದು ಸಲ ಹೊಲಿದೆ. ಒಂದು ಸಲವಾದ್ರೂ ತಿರುಗಿಸೋಣ ಅಂದ್ರೆ ಕೈ ಬರಲಿಲ್ಲ."

ಅತ್ತಿಗೆ ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು.

"ಎಷ್ಟು ಸಲ ಅಂದ್ರಿ?"

"ಹನ್ನೊಂದು. ದೋಣಿ ಹತ್ತೋದೇ ಕೊನೇದು. ಬುಧವಾರ ಸಂಜೆ ಮುಗಿಸಿದೆ."

"ದೊಡ್ಡಮ್ಮ, ಇಲ್ಲಿ ಹನ್ನೆರಡು ಇದ್ದಾರೆ."

"ಲೆಕ್ಕ ತಪ್ಪಿರಬೇಕು ನಿಮಗೆ."

ಅತ್ತಿಗೆ ಅವರ ಕೈ ಹಿಡಿದು ಬಟ್ಟೆಯ ಬಲತುದಿಗೆ ಕರೆದೊಯ್ದರು. ಬೆಳಿಗ್ಗೆಯಿಂದ ದೊಡ್ಡಮ್ಮ ಆ ತುದಿಗೆ ಬಂದೇ ಇರಲಿಲ್ಲ. ಗುಟ್ಟು ಹೊರಬಿತ್ತಲ್ಲ ಎಂದು ಹೆದರಿ ಎಡತುದಿಯ ಕುರ್ಚಿಯಲ್ಲೇ ಅಂಟಿಕೊಂಡಿದ್ದರು.

ಅಲ್ಲಿ, ದೀಪ ಹಚ್ಚುವ ಹೊತ್ತಿನ ಬೀದಿಯಲ್ಲಿ, ಒಂದು ಬಾಗಿಲ ಮುಂದೆ ಹನ್ನೆರಡನೆಯ ಕೆಂಪು ಹೆಂಗಸು ನಿಂತಿದ್ದಳು. ಅವಳು ನಮ್ಮ ಕಡೆ ತಿರುಗಿದ್ದಳು. ಪೆಟ್ಟಿಗೆಯನ್ನು ಕೆಳಗಿಟ್ಟಿದ್ದಳು. ಬೆಳಿಗ್ಗೆಯಿಂದ ಆರು ಜನ ನೋಡಿದ್ದೆವು, ಆ ಪೆಟ್ಟಿಗೆ ನೆಲದ ಮೇಲಿದೆ ಅನ್ನುವುದು ಒಬ್ಬರಿಗೂ ಹೊಳೆದಿರಲಿಲ್ಲ.

ದೊಡ್ಡಮ್ಮ ಬಗ್ಗಿ ಆ ಮುಖವನ್ನು ಬೆರಳಿಂದ ಮುಟ್ಟಿದರು.

"ನನ್ನದೇ ತಪ್ಪು," ಅಂದರು ಅತ್ತಿಗೆ. "ಇದನ್ನ ಪಳಗಿದ ಕೈ ಅಂದುಕೊಂಡೆ. ಇದು ಪಳಗಿದ್ದಲ್ಲ, ಹುಟ್ಟಿನ ಎಡಗೈ. ಉಳಿದ ಹನ್ನೊಂದರ ಹಿಂಬದಿ ಹೊಲಿಗೆ ಕೆಳಗಿನಿಂದ ನೋಡಿದೆ. ಎಲ್ಲದರಲ್ಲೂ ಶುರುವಿನ ದಾರದ ಬಾಲ ಕಾಲಿನ ಹತ್ತಿರ ಅಡಗಿದೆ, ಅಂದರೆ ಕಾಲಿನಿಂದ ಶುರು. ಇದೊಂದನ್ನ ಮಾತ್ರ ನೋಡೋಕಾಗಲಿಲ್ಲ, ಮೈದುನರಾಯ ಹಲಗೆಗೆ ಬಡಿದುಬಿಟ್ಟಿದ್ದಾನೆ. ಮೊಳೆ ಕೀಳಪ್ಪಾ."

ಕಿತ್ತೆ. ಹದಿನಾಲ್ಕು ಸಣ್ಣ ಮೊಳೆ. ಒಂದೊಂದು ಕೀಳುವಾಗಲೂ ಅತ್ತಿಗೆಯ ಕಣ್ಣು ತಪ್ಪಿಸುತ್ತಿದ್ದೆ. ಯಾಕೆ ಅನ್ನುವುದನ್ನು ಹೇಳುತ್ತೇನೆ, ಸ್ವಲ್ಪ ತಾಳಿ.

ಅತ್ತಿಗೆ ಬಟ್ಟೆಯ ತುದಿ ಮಗುಚಿದರು. ಹಿಂಬದಿಯ ಮೇಲೆ ಟಾರ್ಚಿನ ಬೆಳಕು ಬಿತ್ತು. ದಾರದ ಬಾಲ ಕಾಲಿನ ಹತ್ತಿರ ಇರಲಿಲ್ಲ. ಪೆಟ್ಟಿಗೆಯ ಹತ್ತಿರವೂ ಇರಲಿಲ್ಲ.

"ಕಣ್ಣು," ಅಂದರು ದೊಡ್ಡಮ್ಮ. "ಎಡಗಣ್ಣಿಂದ ಶುರು ಮಾಡಿದ್ದಾಳೆ. ಅಕ್ಕ ಬಂದಿದ್ದಳು. ಇದೇ ಕೋಣೆಗೆ ಬಂದಿದ್ದಳು!"

ಎಲ್ಲರೂ ಒಟ್ಟಿಗೆ ಮಾತಾಡಿದರು. ಯಾವಾಗ? ಹೇಗೆ? ಬುಧವಾರ ಸಂಜೆ ಇರಲಿಲ್ಲ, ಶುಕ್ರವಾರವಾದ ಇವತ್ತು ಬೆಳಿಗ್ಗೆ ಇತ್ತು. ಗುರುವಾರ ಇಡೀ ದಿನ ಹೆಂಗಸರೆಲ್ಲ ಕೆಳಗಿನ ಅಂಗಳದಲ್ಲಿ ಲೈನಿಂಗ್ ಬಟ್ಟೆ ಜೋಡಿಸುತ್ತಿದ್ದರು. ಮೇಲೆ ಯಾರೂ ಇರಲಿಲ್ಲ.

"ಒಬ್ಬ ಇದ್ದ," ಅಂದರು ಅತ್ತಿಗೆ. "ಹಲಗೆ ಬಡಿಯೋಕೆ."

ಆರು ಜೊತೆ ಕಣ್ಣು ನನ್ನ ಮೇಲೆ ಬಿದ್ದವು. ಓದುಗರೇ, ನೀವೂ ಬೈಯುವುದಿದ್ದರೆ ಬೈದುಬಿಡಿ.

"ಒಬ್ಬ ಅಜ್ಜಿ ಬಂದಿದ್ದರು," ಅಂದೆ. "ಕಸೂತಿ ನೋಡಬೇಕು ಅಂದರು. ಕೂತ್ಕೊಳ್ಳಿ ಅಂದೆ. ಕೊನೆ ಎರಡು ಭಾಗ ಬಿಚ್ಚಿತ್ತು, ಅದರ ಮುಂದೆ ಕೂತರು. ದೋಣಿ ಇರೋ ಜಾಗ ನೋಡಿ ತುಂಬ ಹೊತ್ತು ನಕ್ಕರು. ಹರಟೆ ಹೊಡೆದೆವು. ಆಮೇಲೆ..."

"ಆಮೇಲೆ?"

"ಊಟ ಆಗಿತ್ತು. ತಂಗಾಳಿ ಬರ್ತಿತ್ತು. ಐದು ನಿಮಿಷ ಅಂತ ನೆಲದ ಮೇಲೆ ಒರಗಿದೆ."

"ಎಷ್ಟು ಹೊತ್ತಿನ ಐದು ನಿಮಿಷ?"

"ಒಂದೂವರೆ ಗಂಟೆ."

ಅತ್ತಿಗೆ ಹಣೆಗೆ ಕೈ ಹಚ್ಚಿಕೊಂಡರು. "ಎದ್ದು ಇವಳನ್ನ ನೋಡಲಿಲ್ವಾ?"

"ಬಟ್ಟೆ ತುಂಬ ಜನ ಇದ್ದಾರೆ ಅತ್ತಿಗೆ! ಒಬ್ಬಳು ಹೆಚ್ಚಾದ್ರೆ ನನಗೇನು ಗೊತ್ತಾಗುತ್ತೆ? ಮೊಳೆ ಹೊಡೆದು ಮೇಲೆ ಬಿಳಿ ಚಾದರ ಹೊದಿಸಿದೆ."

"ಏನಾದ್ರೂ ಹೇಳಿದಳಾ?" ದೊಡ್ಡಮ್ಮ ನನ್ನ ತೋಳು ಹಿಡಿದರು. ನಡುಗುವ ಕೈ ಅದು, ಆದರೆ ಹಿಡಿತ ಗಟ್ಟಿ. "ನೆನಪು ಮಾಡ್ಕೊಳ್ಳಪ್ಪಾ."

"ಒಂದು ಮಾತು ಕೇಳಿದರು. ಇಲ್ಲಿ ಈಗಲೂ ಕಾಲಿನಿಂದಲೇ ಶುರು ಮಾಡ್ತಾರಾ ಅಂತ. ನನಗೆ ಕುರ್ಚಿ ಕಾಲು ಮಾತ್ರ ಗೊತ್ತಮ್ಮ ಅಂದೆ. ಅದಕ್ಕೂ ನಕ್ಕರು."

ದೊಡ್ಡಮ್ಮನ ಮುಖ ಅರಳಿತು. "ನಗ್ತಿದ್ದಳಾ? ಸಿಟ್ಟಿರಲಿಲ್ವಾ?"

"ಇಲ್ಲ ದೊಡ್ಡಮ್ಮ. ನಗ್ತಾನೇ ಇದ್ದರು. ಹೋಗುವಾಗ ಕರವಸ್ತ್ರ ಬೇರೆ ಬಿಟ್ಟು ಹೋಗಿದ್ದರು, ನನ್ನ ಉಪಕರಣದ ಚೀಲದ ಮೇಲೆ."

ಹೇಳಿದ ಮೇಲೆ ನನಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅತ್ತಿಗೆ ಮಾತಾಡದೆ ಅಂಗೈ ಚಾಚಿದರು. ಜೇಬಿನಿಂದ ತೆಗೆದು ಕೊಟ್ಟೆ. ನಿನ್ನೆಯಿಂದ ಅದರಲ್ಲಿ ಎರಡು ಸಲ ಕತ್ತು ಒರೆಸಿಕೊಂಡಿದ್ದೆ. ಈ ವಿಷಯ ಅಲ್ಲಿ ಹೇಳಲಿಲ್ಲ, ನಿಮಗೆ ಮಾತ್ರ ಹೇಳುತ್ತಿದ್ದೇನೆ.

ನಾಲ್ಕಾಗಿ ಮಡಚಿದ್ದ ಬಟ್ಟೆಯನ್ನು ಅತ್ತಿಗೆ ಬಿಚ್ಚಿದರು. ಒಳಗೆ ಕೆಂಪು ದಾರದಲ್ಲಿ ಒಂದು ಕಿಟಕಿ. ಕಿಟಕಿಯ ಪಕ್ಕ ಒಬ್ಬ ಹೆಂಗಸು, ಕಣ್ಣು, ಮುಖ, ಭುಜ, ಸೊಂಟ. ಅಲ್ಲಿಗೆ ನಿಂತಿತ್ತು. ಸೊಂಟದ ಕೆಳಗೆ ಏನೂ ಇರಲಿಲ್ಲ. ದಾರ ಇನ್ನೂ ಕತ್ತರಿಸಿರಲಿಲ್ಲ. ದಾರದ ತುದಿಯ ಸೂಜಿಯನ್ನು ಬಟ್ಟೆಯ ಅಂಚಿಗೆ ಸಿಕ್ಕಿಸಿಟ್ಟಿತ್ತು. ಅದು ನನ್ನ ಕತ್ತಿಗೆ ಚುಚ್ಚದೆ ಇದ್ದದ್ದು ನನ್ನ ಪುಣ್ಯ.

ಕಿಟಕಿಯ ಮೇಲೆ ಒಂದು ಗಡಿಯಾರ. ಕೆಳಗೆ ಮೂರು ಅಲೆ.

"ದೋಣಿ ಕಟ್ಟೆಯ ಟಿಕೆಟ್ ಕಿಟಕಿ," ಅಂದಳು ಕತ್ತರಿಯಕ್ಕ. "ಗಡಿಯಾರದಲ್ಲಿ ನಾಲ್ಕು ಗಂಟೆ."

ಎಲ್ಲರೂ ಗೋಡೆಯ ಗಡಿಯಾರ ನೋಡಿದೆವು. ನಾಲ್ಕಕ್ಕೆ ಇಪ್ಪತ್ತು ನಿಮಿಷ.

"ಆದರೆ ಯಾವ ನಾಲ್ಕು?" ಅಂದರು ಅತ್ತಿಗೆ. "ನಿನ್ನೆಯದೋ ಇವತ್ತಿನದೋ? ನಿನ್ನೆಯದಾದರೆ ಈ ಕುಂಭಕರ್ಣನ ಜೇಬಿನಲ್ಲೇ ಕಳೆದುಹೋಯ್ತು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ದೊಡ್ಡಮ್ಮ ಆಗಲೇ ಎದ್ದಿದ್ದರು. ಕರವಸ್ತ್ರವನ್ನು ಎದ್ದಲ್ಲೇ ತಿರುಗಿಸಿ ನೋಡಿ, ಸೂಜಿಯನ್ನು ಎಡಗೈಗೆ ತೆಗೆದುಕೊಂಡರು.

"ಕಾಲು ನನಗೆ ಬಿಟ್ಟಿದ್ದಾಳೆ," ಅಂದರು. "ಕಣ್ಣು ಅವಳದು, ಕಾಲು ನನ್ನದು. ಕಾಲಿಲ್ಲದೆ ಎಲ್ಲಿಗೆ ಹೋಗಿರ್ತಾಳೆ? ನಡೀರಿ!"

ಹಲಗೆ ಸಾಗಿಸುವ ನನ್ನ ಮೂರು ಚಕ್ರದ ಗಾಡಿ ಕೆಳಗೇ ನಿಂತಿತ್ತು. ಹಿಂದೆ ಮರದ ಹೊಟ್ಟಿನ ಮೇಲೆ ದೊಡ್ಡಮ್ಮ ಕೂತರು. "ನನ್ನ ಬಲಗೈ ನಿಲ್ಲಲ್ಲ. ಬಟ್ಟೆ ಬಿಗಿಯಾಗಿ ಹಿಡಿಯೋಕೆ ಇನ್ನೊಂದು ಜೋಡಿ ಕೈ ಬೇಕು," ಅಂದರು. ಹೊಸಬಳು ಕರೆಯುವ ಮುಂಚೆಯೇ ಹತ್ತಿ ಎದುರು ಕೂತಿದ್ದಳು. ಎರಡು ಕೈಯಿಂದ ಬಟ್ಟೆಯನ್ನು ಹಪ್ಪಳದಂತೆ ಎಳೆದು ಹಿಡಿದಳು. ಅತ್ತಿಗೆ ನನ್ನ ಪಕ್ಕ, ಇನ್ನೂ ಒಂದೇ ಚಪ್ಪಲಿಯಲ್ಲಿ.

"ಗುಂಡಿ ತಪ್ಪಿಸಿ ಓಡಿಸು!" ಹಿಂದಿನಿಂದ ದೊಡ್ಡಮ್ಮ ಕೂಗಿದರು. "ಹೆಬ್ಬೆರಳು ಸೊಟ್ಟ ಆಯ್ತು!"

"ಬೇಗ ಓಡಿಸು!" ಪಕ್ಕದಿಂದ ಅತ್ತಿಗೆ.

ಎರಡನ್ನೂ ಒಟ್ಟಿಗೆ ಮಾಡುವ ಗಾಡಿ ಇನ್ನೂ ಯಾರೂ ಕಂಡುಹಿಡಿದಿಲ್ಲ. ಆದರೂ ಅಂಗಡಿ ಸಾಲು ದಾಟಿ, ಸೇತುವೆ ದಾಟಿ ಹಾರಿದೆವು. ಹಿಂದೆ ಇಬ್ಬರೂ ಶಾಲೆ ಬಿಟ್ಟ ಹುಡುಗಿಯರ ಹಾಗೆ ನಗುತ್ತಿದ್ದರು. ದಾರಿಯುದ್ದಕ್ಕೂ ನನಗೆ ಅನ್ನಿಸಿದ್ದು ಒಂದೇ, ಇದು ಇವತ್ತಿನ ನಾಲ್ಕು ಆಗಿರಲಿ.

ಕಟ್ಟೆ ಕಂಡಾಗ ನಾಲ್ಕಕ್ಕೆ ಐದು ನಿಮಿಷ. ದೋಣಿ ಒಂದು ಸಲ ಕೂಗಿತು. ಒಂದು ಕೂಗೆಂದರೆ ಹತ್ತಿಕೊಳ್ಳಿ ಎಂದು, ಎರಡನೆಯ ಕೂಗೆಂದರೆ ಹೊರಟಿತು ಎಂದು. ಅದು ಊರಿಗೆಲ್ಲ ಗೊತ್ತು.

ಟಿಕೆಟ್ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಒಬ್ಬಳು ಕೂತಿದ್ದಳು. ಬೆನ್ನು ನಮ್ಮ ಕಡೆ. ಆ ಭುಜದ ಗೆರೆ ನನಗೂ ಗುರುತು ಸಿಕ್ಕಿತು. ಬೆಳಿಗ್ಗೆಯಿಂದ ಅದನ್ನೇ ಹನ್ನೊಂದು ಸಲ ನೋಡಿದ್ದೆನಲ್ಲ. ಅವಳು ತಲೆ ಬಗ್ಗಿಸಿ ಏನೋ ಹೊಲಿಯುತ್ತಿದ್ದಳು.

"ಅಕ್ಕಾ!" ಎಂದು ಕೂಗಿ, ಗಾಡಿ ನಿಲ್ಲುವ ಮುಂಚೆಯೇ ದೊಡ್ಡಮ್ಮ ಇಳಿದರು.

ಅತ್ತಿಗೆ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದರು. "ತಾಳು. ಅವಳು ಬಲಗೈಯಲ್ಲಿ ಹೊಲೀತಿದ್ದಾಳೆ."

ಅಷ್ಟರಲ್ಲಿ ದೊಡ್ಡಮ್ಮ ಆ ಭುಜದ ಮೇಲೆ ಕೈ ಇಟ್ಟಾಗಿತ್ತು. ಕೂತಿದ್ದವಳು ತಿರುಗಿದಳು. ಮೂವತ್ತು ವಯಸ್ಸಿನ ಮುಖ. ಮೂಗು ಮಾತ್ರ ಥೇಟ್ ದೊಡ್ಡಮ್ಮನದೇ.

"ಚಿಕ್ಕಮ್ಮ?" ಅಂದಳು ಅವಳು.

ಊರಿಗೆಲ್ಲ ದೊಡ್ಡಮ್ಮನಾದವರನ್ನು ಹಾಗೆ ಕರೆದವರು ಈ ತನಕ ಯಾರೂ ಇರಲಿಲ್ಲ. ದೊಡ್ಡಮ್ಮ ಅವಳ ಮುಖವನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. ನಡುಗುವ ಕೈ, ಕಲಿತ ಕೈ, ಎರಡರಲ್ಲೂ.

"ನಿನ್ನೆ ಕೂಡ ಕಾದೆವು," ಅಂದಳು ಅಕ್ಕನ ಮಗಳು. ಅಳು, ನಗು ಎರಡೂ ಒಟ್ಟಿಗೆ ಬರುತ್ತಿತ್ತು ಅವಳಿಗೆ. "ಅಮ್ಮ ಅಲ್ಲಿ ದೋಣಿಯಲ್ಲಿ ಕೂತಿದ್ದಾರೆ. ಇಳಿಯಮ್ಮ ಅಂದ್ರೆ ಕೇಳಲ್ಲ, ಒಂದೇ ಹಠ. ಅವಳು ಕಾಲು ಹೊಲಿದು ತಂದಿದ್ರೆ ಇಳೀತೀನಿ, ಇಲ್ಲದಿದ್ರೆ ಇಲ್ಲ ಅಂತ. ತಂದಿದ್ದೀರಾ?"

ದೊಡ್ಡಮ್ಮ ಹೊಸಬಳ ಕಡೆ ನೋಡಿದರು. ಅವಳು ಬಟ್ಟೆಯನ್ನು ಮೇಲೆತ್ತಿ ತೋರಿಸಿದಳು.

ಒಂದೇ ಕಾಲು ಆಗಿತ್ತು.

ದೋಣಿ ಎರಡನೆಯ ಸಲ ಕೂಗಿತು.